ಏಳನೆಯ ಕೋಣೆಯ ಒಡೆಯರು

ನನಗೊಂದು ಸಣ್ಣ ಚಿಂತೆ ಇತ್ತು. ದಿನಚರಿಯಲ್ಲಿ ಮಿಕ್ಕದ್ದನ್ನೆಲ್ಲ ಪೆನ್ನಿನಲ್ಲಿ ಬರೆಯುವ ನಾನು ಇದೊಂದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೆ, ಬೇಕೆನಿಸಿದರೆ ಅಳಿಸಬಹುದು ಎಂದು. "ಹತ್ತೊಂಬತ್ತು ದಿನಗಳಿಂದ, ಬೆಂಚಿನ ಮೇಲೆ ಇಲ್ಲದ ಹುಡುಗಿಯೊಬ್ಬಳಿಗೆ ನಾನು ಹಾಜರಿ ಹಾಕುತ್ತಿದ್ದೇನೆ." ಅದರ ಕೆಳಗೆ ಇನ್ನೊಂದು ಸಾಲು: "ಇದು ಕರುಣೆ." ಈ ಎರಡನೆಯದನ್ನು ಪೆನ್ನಿನಲ್ಲೇ ಬರೆದಿದ್ದೆ.

ಹುಡುಗಿಯ ಹೆಸರು ತೂದಾ. ಹತ್ತು ವರ್ಷ. ಅವಳ ತಾಯಿ ಹಣ್ಣು ಬಿಡಿಸುವ ಕೆಲಸಕ್ಕೆಂದು ಸಮುದ್ರದಾಚೆ ಸ್ಪೇನಿಗೆ ಹೋದವಳು, ಋತು ಮುಗಿದರೂ ಬಂದಿರಲಿಲ್ಲ. ನಮ್ಮೂರು ಅಝೆಮ್ಮೂರಿನ ಕೋಟೆಗೋಡೆಯ ಕೆಳಗೆ, ಹೊಳೆಯ ಕಡೆಗಿಳಿಯುವ ಓಣಿಯಲ್ಲಿ ಅಜ್ಜಿಯ ಜೊತೆ ಇದ್ದಳು. ನನ್ನ ನಾಲ್ಕನೆಯ ತರಗತಿಗೆ ಬಂದ ಮೊದಲ ವಾರ ಒಬ್ಬನ ಕಿವಿ ಕಚ್ಚಿದಳು. ಎರಡನೆಯ ವಾರ ಬೆಂಚು ಮಗುಚಿದಳು. ಮೂರನೆಯ ವಾರ ಏನೂ ಮಾಡದೆ, ಒಂದು ಗಂಟೆ ಪೂರ್ತಿ, ಕಣ್ಣು ಮಿಟುಕಿಸದೆ ನನ್ನನ್ನು ನೋಡಿದಳು. ಮೊದಲೆರಡಕ್ಕೆ ಲಿಖಿತ ದೂರು ಹೋಯಿತು. ಮೂರನೆಯದಕ್ಕೆ ಏನೆಂದು ದೂರು ಬರೆಯುವುದು?

ಮೂರು ದೂರಾದರೆ ಹೊಳೆಯಾಚೆಯ ಶಾಲೆಗೆ ವರ್ಗ. ಹಾಗಾದರೆ ಏನು ಮಾಡುವುದೆಂದು ಅಜ್ಜಿ ತಾಮೂ ನನ್ನೆದುರೇ ತೀರ್ಮಾನ ಮಾಡಿಟ್ಟಿದ್ದಳು. ಶಿಕ್ಷಕಿಯನ್ನು ನಮ್ಮಲ್ಲಿ ಉಸ್ತಾದಾ ಎನ್ನುತ್ತಾರೆ.

"ದಿನಾ ಹೊಳೆ ದಾಟಿಸೋಕೆ ನನಗೆಲ್ಲಿ ಕಾಲಿದೆ, ಉಸ್ತಾದಾ? ಕಾಸಾ ಪಟ್ಟಣದಲ್ಲಿ ನನ್ನ ನಾದಿನಿ ಮಗಳು ಕೂಸು ನೋಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತಿದಾಳೆ. ಅಲ್ಲಿಗೆ ಹೋಗ್ಲಿ ಬಿಡು."

ಕೂಸು ನೋಡಿಕೊಳ್ಳಲು ಹೋದ ಹುಡುಗಿ ಆ ಮನೆಯಲ್ಲಿ ನೆಲ ಒರೆಸುವುದರಿಂದ ಹಿಡಿದು ಏನೇನು ಮಾಡುತ್ತಾಳೆ, ಎಷ್ಟು ವರ್ಷ ಮಾಡುತ್ತಾಳೆ ಎಂಬುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಮೂರನೆಯ ದೂರು ಬರೆಯಬಾರದು ಎಂದು ನಾನು ಶಪಥ ಮಾಡಿದ್ದೆ.

ನನ್ನದು ಆರನೆಯ ಕೋಣೆ. ಹಿಂದಿನ ಗೋಡೆಗೆ ದೇಶದ ದೊಡ್ಡ ನಕ್ಷೆ ತೂಗುಹಾಕಿದೆ. ಒಂದು ದಿನ ತೂದಾ ಸಿಟ್ಟಿನಲ್ಲಿ ಆ ನಕ್ಷೆಯನ್ನು ಎಳೆದಾಗ ಅದರ ಹಿಂದೆ, ಸೊಂಟದೆತ್ತರದ ಒಂದು ಪುಟ್ಟ ಬಾಗಿಲು ಕಂಡಿತು. ಅವಳು ಅದನ್ನು ತಳ್ಳಿ, ಬಗ್ಗಿ, ಒಳಗೆ ಹೋಗಿಬಿಟ್ಟಳು. ಅದು ಏಳನೆಯ ಕೋಣೆ. ಛಾವಣಿಯ ಗಾರೆ ಉದುರುತ್ತದೆಂದು ಎಷ್ಟೋ ವರ್ಷಗಳಿಂದ ಅದರ ಮುಂಬಾಗಿಲಿಗೆ ಸರಪಳಿ ಹಾಕಿಟ್ಟಿದ್ದರು. ಮುರಿದ ಬೆಂಚುಗಳು, ಒಂದು ಹಳೇ ಕರಿಹಲಗೆ, ಅಷ್ಟೇ.

ನಾನು ಹಿಂದೆ ಹೋಗಿ ಕರೆತರಬೇಕಿತ್ತು. ನಕ್ಷೆಯನ್ನು ನೇರ ಮಾಡಿ ಭಿನ್ನರಾಶಿಯ ಪಾಠ ಮುಂದುವರಿಸಿದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲಿನಿಂದ ಕೊನೆಯವರೆಗೆ ಮಾಡಿದ ಮೊದಲ ಪಾಠ ಅದು.

ಮರುದಿನ ಅವಳೇ ಚೀಲ ಹಿಡಿದು ಹೋದಳು. "ಸದ್ದು ಮಾಡಬೇಡ. ನಾನು ಕರೆಯೋ ತನಕ ಬರಬೇಡ" ಎಂದಷ್ಟೇ ನಾನು ಹೇಳಿದ್ದು. ಉಳಿದ ನಲವತ್ತು ಮಕ್ಕಳು ನೋಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಮಕ್ಕಳ ಗಲಾಟೆ ಅಭ್ಯಾಸವಾಗುತ್ತದೆ; ನಲವತ್ತು ಮಕ್ಕಳು ಒಟ್ಟಿಗೆ ಒಂದು ವಿಷಯದ ಬಗ್ಗೆ ಸುಮ್ಮನಿರುವುದು ಮಾತ್ರ ಅಭ್ಯಾಸವಾಗುವುದಿಲ್ಲ.

ಇಷ್ಟು ನನ್ನ ಗುಟ್ಟು. ಇನ್ನು ಸಿ ಬೂಶೈಬ್ ಅವರ ವಿಷಯ.

ಸಿ ಬೂಶೈಬ್ ಮೂವತ್ತೊಂದು ವರ್ಷ ವ್ಯಾಕರಣ ಕಲಿಸಿದವರು. ನಮ್ಮಲ್ಲಿ ಗಂಡಸರಿಗೆ ಸಿ, ಹೆಂಗಸರಿಗೆ ಲಾಲ್ಲಾ ಎನ್ನುವುದು ಮರ್ಯಾದೆ. ಮುಖ್ಯೋಪಾಧ್ಯಾಯರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ರಜೆ ಹಾಕಿದ್ದರಿಂದ ಆಗ ಶಾಲೆಯ ಭಾರವೆಲ್ಲ ಅವರ ಮೇಲಿತ್ತು. ಅವರಿಗೆ ಎಡಗಿವಿ ಕೇಳಿಸದು. ಎಡಗಡೆಯಿಂದ ಬಂದ ಅರ್ಧ ಮಾತನ್ನು ಬಲಗಿವಿ ತಾನೇ ಊಹಿಸಿ ಪೂರ್ತಿ ಮಾಡಿಕೊಳ್ಳುತ್ತಿತ್ತು. ಈ ಊಹೆಯಲ್ಲಿ ವ್ಯಾಕರಣದೋಷ ಎಂದೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೊಗಸಾಲೆಯಲ್ಲಿ ಅವರೂ ಶಾಲೆ ಗುಡಿಸುವ ಲಾಲ್ಲಾ ಇಝ್ಝಾಳೂ ಏಳನೆಯ ಕೋಣೆಯ ಸರಪಳಿಯ ಮುಂದೆ ನಿಂತಿದ್ದರು. ನಾನು ಸೀಮೆಸುಣ್ಣದ ಡಬ್ಬಿ ಹಿಡಿದು ಬರುತ್ತಿದ್ದೆ.

"ಇಝ್ಝಾ, ಒಳಗೆ ಯಾರೋ ಹಾಡ್ತಿದಾರೆ."

"ಹಾಡಲ್ಲ ಸಿ ಬೂಶೈಬ್, ಮಗ್ಗಿ. ಏಳರ ಮಗ್ಗಿ."

"ಅವರಿಗ್ಯಾಕೆ ಮಗ್ಗಿ?"

"ಯಾಕೆ, ಅವರಿಗೆ ಮಕ್ಕಳುಮರಿ ಇರಲ್ವಾ? ಅವು ಕಲೀಬೇಡ್ವಾ?"

ಸಿ ಬೂಶೈಬ್ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲಿಗೆ ಬೆನ್ನು ತೋರಿಸದೆ, ನನ್ನತ್ತ ತಿರುಗಿದರು. "ಲಾಲ್ಲಾ ಉಮ್ನಿಯಾ, ನಿಮ್ಮ ಕೋಣೆ ಪಕ್ಕದಲ್ಲೇ. ನಿಮಗೇನಾದ್ರೂ ಕೇಳಿಸುತ್ತಾ?"

ಆಗಲೇ ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು "ಹೂಂ" ಅಷ್ಟೇ. ಆ ಒಂದು "ಹೂಂ"ಗೆ ಸಾಕ್ಷಿಯ ತೂಕ ಬಂದುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅದು "ಪಾಪ ಉಮ್ನಿಯಾ, ಎಷ್ಟು ದಿನದಿಂದ ಒಬ್ಬಳೇ ಸಹಿಸ್ಕೊಂಡಿದಾಳೋ" ಎಂದಾಗಿತ್ತು.

ಪಾಳುಬಿದ್ದ ಜಾಗಗಳಲ್ಲಿ, ಮೋರಿಗಳಲ್ಲಿ ವಾಸಿಸುವ ಆ ಕಣ್ಣಿಗೆ ಕಾಣದವರ ಹೆಸರನ್ನು ನಮ್ಮಲ್ಲಿ ಹೇಳುವುದಿಲ್ಲ. ಮೋರಿಗೆ ಬಿಸಿನೀರು ಚೆಲ್ಲುವ ಮುಂಚೆ ದಾರಿ ಬಿಡಿ ಎಂದು ಕೇಳಿಕೊಳ್ಳುತ್ತೇವೆ. ಮಾತು ಬಂದರೆ ದನಿ ತಗ್ಗಿಸಿ "ಜಾಗದ ಒಡೆಯರು" ಎನ್ನುತ್ತೇವೆ. ಸಿ ಬೂಶೈಬ್ ಅಷ್ಟನ್ನೂ ಹೇಳದೆ "ಒಡೆಯರು" ಎಂದು ನಿಲ್ಲಿಸುತ್ತಿದ್ದರು.

ಅದೇ ವಾರ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಗ್ರಂಥಭಾಷೆಯಲ್ಲಿ ಯಾರಲ್ಲಿ ಏನಿದೆಯೋ ಅವರು ಅದರ ಒಡೆಯರು: ಅಂಗಡಿಯ ಒಡೆಯ, ವಿದ್ಯೆಯ ಒಡೆಯ, ನೆಗಡಿಯ ಒಡೆಯ. ಸುತ್ತೋಲೆಯ ತಲೆಬರಹ ಹೀಗಿತ್ತು: "ಕಠಿಣ ನಡತೆಯ ಒಡೆಯರಾದ ವಿದ್ಯಾರ್ಥಿಗಳನ್ನು ನಿಭಾಯಿಸಲು ಶಾಲಾ ಸಿಬ್ಬಂದಿಗೆ ತರಬೇತಿ." ಆದರೆ ಕಚೇರಿಯ ನೀಲಿ ಮೊಹರು ಸರಿಯಾಗಿ "ವಿದ್ಯಾರ್ಥಿಗಳನ್ನು" ಎಂಬುದರ ಮೇಲೆ ಬಿದ್ದು ಅದನ್ನು ನುಂಗಿತ್ತು. ಸಿ ಬೂಶೈಬ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಹೇಳಿದರು:

"ಇಝ್ಝಾ, ಸುದ್ದಿ ರಾಜಧಾನಿಗೆ, ರಬಾತ್ ತನಕ ಹೋಗಿದೆ."

ತರಬೇತಿ ಕೊಡಲು ಬಂದವರು ಡಾಕ್ಟರ್ ನಿಝಾರ್ ಬೆನ್ನೀಸ್. ತೆಳ್ಳಗಿನ ಮನುಷ್ಯ, ಹೊಳೆಯುವ ಬೂಟು. ಅವರು ಬಾಯಿ ತೆರೆದರೆ ಅಚ್ಚಾದ ಪುಸ್ತಕವೇ ಓದಿದ ಹಾಗೆ. ಚಹಾ ಬೇಕೆನ್ನುವಾಗ ಕೂಡ ಒಂದು ವಿಭಕ್ತಿಪ್ರತ್ಯಯ ಬಿಡುವವರಲ್ಲ. ಒಂಬತ್ತು ಜನ ಶಿಕ್ಷಕರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತೆವು. ಸಿ ಬೂಶೈಬ್ ಮೊದಲ ಸಾಲಿನಲ್ಲಿ, ಬಲಗಿವಿ ಮುಂದಿಟ್ಟುಕೊಂಡು. ಲಾಲ್ಲಾ ಇಝ್ಝಾ ಪುದೀನಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ.

"ಒಡೆಯರು ಕೆರಳಿದಾಗ," ಎಂದು ಡಾಕ್ಟರು ಆರಂಭಿಸಿದರು, "ದನಿಯನ್ನು ಏರಿಸಕೂಡದು. ದಿಟ್ಟಿಸಿ ನೋಡಕೂಡದು. ಬಾಗಿಲಿಗೆ ಅಡ್ಡಲಾಗಿ ನಿಲ್ಲಲೇಕೂಡದು, ಅವರಿಗೆ ಹೊರಡುವ ದಾರಿಯೊಂದು ಸದಾ ತೆರೆದಿರತಕ್ಕದ್ದು."

"ನಮ್ಮಜ್ಜೀನೂ ಇದೇ ಹೇಳ್ತಿದ್ಲು," ಲಾಲ್ಲಾ ಇಝ್ಝಾ ಮೆಲ್ಲಗೆ ಅಂದಳು.

"ನಿಮ್ಮ ಅಜ್ಜಿಯವರು ವಿವೇಕಿಗಳು," ಎಂದರು ಡಾಕ್ಟರು ಸಂತೋಷದಿಂದ.

ಸಿ ಬೂಶೈಬ್ ಕೈ ಎತ್ತಿದರು. "ಡಾಕ್ಟರ್ ಸಾಹೇಬ್ರೇ, ಹೆಸರು ಹಿಡಿದು ಕರೀಬಹುದಾ?"

"ಹೆಸರಿಡುವುದೇ ಮೊದಲ ಅಪರಾಧ! 'ದುಷ್ಟರು', 'ಕಾಟ ಕೊಡುವವರು' ಎಂಬ ಮಾತು ನಿಮ್ಮ ನಾಲಗೆಯ ಮೇಲೆ ಬರಕೂಡದು. ವರದಿಯಲ್ಲಿಯೂ ಹೆಸರು ಬೇಡ."

"ಮತ್ತೆ ಅವರಿಗೆ ಕೋಪ ಯಾಕೆ ಬರುತ್ತೆ?"

"ಅವರದೆಂಬ ಜಾಗಕ್ಕೆ ನಾವು ಕಾಲಿಟ್ಟಾಗ. ಅಥವಾ ಹಸಿವಿನಿಂದ. ಎಷ್ಟೋ ಸಲ ಬರೀ ಹಸಿವು."

"ಹಸಿವಿಗೆ ಏನು ಕೊಡೋದು? ಉಪ್ಪು ಹಾಕಬಹುದಾ?"

ಒಡೆಯರಿಗೆ ಇಡುವ ಊಟಕ್ಕೆ ಉಪ್ಪು ಹಾಕುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಡಾಕ್ಟರಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಯೋಚಿಸಿ ಹೇಳಿದರು: "ಉಪ್ಪು... ಆದಷ್ಟು ಕಡಿಮೆ ಇರುವುದು ಲೇಸು."

ಸಿ ಬೂಶೈಬ್ ಅದರ ಕೆಳಗೆ ಎರಡು ಗೆರೆ ಎಳೆದರು. "ಕೊನೇದಾಗಿ ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಓಡಿಸಿಬಿಡೋಕೆ ಆಗಲ್ವಾ?"

ಡಾಕ್ಟರ ಮುಖ ಕೆಂಪಾಯಿತು. "ಓಡಿಸುವುದೇ? ಈ ಶಾಲೆ ನಿಮಗಿಂತ ಹೆಚ್ಚಾಗಿ ಅವರದು! ನೀವು ನಿವೃತ್ತರಾಗಿ ಹೋಗುತ್ತೀರಿ. ಅವರು ಬರುತ್ತಲೇ ಇರುತ್ತಾರೆ."

ಅಷ್ಟರಲ್ಲಿ ಮೊಗಸಾಲೆಯ ಕೊನೆಯಿಂದ ಟಕ್, ಟಕ್, ಸೀಮೆಸುಣ್ಣ ಹಲಗೆಗೆ ತಗಲುವ ಸದ್ದು.

"ಇಲಿ ಇರಬೇಕು," ಎಂದರು ಡಾಕ್ಟರು.

ಸಿ ಬೂಶೈಬ್ ಅವರನ್ನು ನೋಡಿದ ನೋಟದಲ್ಲಿ ಭಕ್ತಿಯಿತ್ತು. ರಬಾತಿನಿಂದ ಬಂದವರು, ಇಷ್ಟು ತಿಳಿದವರು, ಎಷ್ಟು ಜಾಣತನದಿಂದ ಇಲಿ ಎನ್ನುತ್ತಾರೆ!

ಹೋಗುವ ಮುಂಚೆ ಡಾಕ್ಟರು ಇನ್ನೊಂದು ಸೂತ್ರ ಕೊಟ್ಟರು: "'ನೀನು' ಎನ್ನಬೇಡಿ. 'ನಾವು' ಎನ್ನಿ. 'ನಾವು ಶಾಂತವಾಗಿದ್ದೇವೆ.' 'ನಮಗೆ ಹಸಿವಾಗಿದೆಯೇ?' ಅಂತರವು ತಾನಾಗಿ ಕರಗುತ್ತದೆ."

ಮರುದಿನದಿಂದ ನಮ್ಮ ಶಾಲೆಯಲ್ಲಿ ಒಬ್ಬರೂ ದನಿ ಎತ್ತಲಿಲ್ಲ. ಐದನೆಯ ತರಗತಿಯ ಗುಡುಗಿನಂಥ ಶಿಕ್ಷಕರು ಪಿಸುಮಾತಿನಲ್ಲಿ ಪದ್ಯ ಹೇಳಿಕೊಟ್ಟರು. ಎಲ್ಲರೂ ತುದಿಗಾಲಲ್ಲಿ, ಗೋಡೆಗೆ ಒತ್ತಿಕೊಂಡು, ಬಾಗಿಲುಗಳನ್ನು ತೆರೆದಿಟ್ಟು ಓಡಾಡುತ್ತಿದ್ದರು. ಊರಿನಲ್ಲೇ ಇಷ್ಟು ಶಾಂತವಾದ ಶಾಲೆ ಇನ್ನೊಂದಿರಲಿಲ್ಲ. ಹೊರಗಿನಿಂದ ಬಂದವರಿಗೆ ಕಾಲಿಡಲು ಅಂಜಿಕೆಯಾಗುವಷ್ಟು ಶಾಂತ. ಪ್ರತಿದಿನ ಹನ್ನೆರಡಕ್ಕೆ ಲಾಲ್ಲಾ ಇಝ್ಝಾ ಏಳನೆಯ ಕೋಣೆಯ ಬಾಗಿಲ ಕೆಳಗಿನ ಒಡಕಿನಿಂದ ಉಪ್ಪಿಲ್ಲದ ಕೂಸ್ಕೂಸಿನ, ಅಂದರೆ ಹಬೆಯಲ್ಲಿ ಬೇಯಿಸಿದ ಗೋಧಿರವೆಯ ತಟ್ಟೆ, ಒಂದು ಲೋಟ ಹಾಲು ಒಳಗೆ ಸರಿಸುತ್ತಿದ್ದಳು. ಒಂದು ಗಂಟೆಗೆ ತಟ್ಟೆ ನೆಕ್ಕಿದಷ್ಟು ಚೊಕ್ಕಟವಾಗಿ ಹೊರಗೆ ಬರುತ್ತಿತ್ತು.

ನಾಲ್ಕನೆಯ ದಿನ ಸಿ ಬೂಶೈಬ್ ಸ್ವತಃ ಬಾಗಿಲ ಬಳಿ ನಿಂತು, ಕೈಕಟ್ಟಿಕೊಂಡು, ಪಿಸುಗುಟ್ಟಿದರು: "ನಾವು ಶಾಂತವಾಗಿದ್ದೇವೆ. ನಮಗೆ ಹಸಿವಾಗಿದೆಯೇ?"

ಒಳಗಿನಿಂದ ತೆಳ್ಳಗಿನ ದನಿ ಬಂತು: "ಹೂಂ. ನಮಗೆ ಹಸಿವಾಗಿದೆ."

ಅವರನ್ನು ಎತ್ತಿ ಕೂರಿಸಿ ಮೂಗಿಗೆ ಈರುಳ್ಳಿ ಹಿಡಿಯಬೇಕಾಯಿತು.

ಸಂಜೆ ನಕ್ಷೆಯ ಹಿಂದಿನಿಂದ ಬಂದ ತೂದಾಳನ್ನು ಕೇಳಿದೆ. "ಯಾಕೆ ಉತ್ತರ ಕೊಟ್ಟೆ?"

"ದೊಡ್ಡವರು ಕೇಳಿದ್ರೆ ಹೇಳ್ಬೇಕಲ್ವಾ ಉಸ್ತಾದಾ?"

"ಸರಿ. 'ನಾವು' ಅಂದೆಯಲ್ಲ, ಯಾಕೆ?"

"ಅವರೂ ಹಾಗೇ ಅಂದ್ರಲ್ಲ." ಅವಳ ಕೆನ್ನೆ ತುಂಬತೊಡಗಿತ್ತು. ತಿಂಗಳಿಂದ ಯಾರನ್ನೂ ಕಚ್ಚಿರಲಿಲ್ಲ. ಕಚ್ಚಲು ಅಲ್ಲಿ ಯಾರೂ ಇರಲಿಲ್ಲ.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೇ? ಶಾಲೆ ಬಿಟ್ಟ ಹೊತ್ತಿಗೆ ತಾಯಂದಿರು ಮೊಂಬತ್ತಿ ಹಿಡಿದು ಬರತೊಡಗಿದರು. ಒಬ್ಬಳು ಮಗನ ವೀಸಾ ಅರ್ಜಿಯ ನಕಲನ್ನೇ ಬಾಗಿಲ ಸಂದಿಗೆ ತುರುಕಿದಳು. ಮರುದಿನ ಅದು ಹೊರಗೆ ಬಂದಿತ್ತು, ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದಿ. ಆ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಅವರ ಪಕ್ಕದಲ್ಲೇ ಕೂತು ಪಾಠ ಮಾಡ್ತೀಯಲ್ಲ ಮಗಳೇ, ನಿನ್ನ ಗುಂಡಿಗೆ ದೊಡ್ಡದು!" ನಾನು ತಲೆ ಆಡಿಸಿದೆ. ನನ್ನ ಗುಂಡಿಗೆಯ ಬಗ್ಗೆ ಊರು ಮೊದಲ ಸಲ ಮಾತಾಡುತ್ತಿತ್ತು.

ಒಂದು ದಿನ ಅಜ್ಜಿ ತಾಮೂ ಕೂಡ ಬಂದಳು. ಸರಪಳಿಯ ಮುಂದೆ ಮೊಂಬತ್ತಿ ಇಟ್ಟು, ಬಾಗಿಲಿಗೆ ಹಣೆಯೂರಿದಳು.

"ಒಡೆಯರೇ, ನನ್ನ ಮೊಮ್ಮಗಳಿಗೆ ಒಂಚೂರು ಬುದ್ಧಿ ಕೊಡಿ. ಅವಳಮ್ಮ ಫೋನ್ ಎತ್ತೋದು ಬಿಟ್ಟು ಎರಡು ತಿಂಗಳಾಯ್ತು. ಅವಳಿಗೆ ಹೇಳಿಲ್ಲ. ಹೇಳೋಕೆ ನನಗೆ ಬಾಯಿಲ್ಲ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿತ್ತು. ಕೊನೆಗೆ ದನಿ ಬಂತು: "ನಮಗೆ ಗೊತ್ತು. ಅಳಬೇಡಿ."

ಅಜ್ಜಿ ಕಣ್ಣೊರೆಸಿಕೊಂಡು ಎದ್ದಳು. "ಕೇಳಿಸ್ಕೊಂಡ್ಯಾ ಉಸ್ತಾದಾ? ಥೇಟ್ ನಮ್ಮ ತೂದಾನ ದನಿ. ನಮ್ಮವರ ಗಂಟಲಲ್ಲೇ ಮಾತಾಡ್ತಾರಂತೆ, ನಾವು ಹೆದರಬಾರದು ಅಂತ."

ನಾನು ಅವಳನ್ನು ಗೇಟಿನ ತನಕ ಬಿಟ್ಟು ಬಂದೆ.

ಇಲ್ಲಿಯವರೆಗೆ ನನಗೆ ಎಲ್ಲದರ ಲೆಕ್ಕ ಗೊತ್ತಿತ್ತು. ಸದ್ದು ಯಾರದು, ತಟ್ಟೆ ಯಾರು ಖಾಲಿ ಮಾಡುತ್ತಾರೆ, ಎಲ್ಲ. ಊರೆಲ್ಲ ಹೆದರಿದಾಗ ಹೆದರದೆ ಇರುವವಳು ನಾನೊಬ್ಬಳೇ ಎಂಬ ಸಣ್ಣ ಜಂಬವೂ ಇತ್ತು. ಆಮೇಲೆ ಆ ಬುಧವಾರ ಬಂತು.

ಬುಧವಾರ ತೂದಾಳಿಗೆ ಜ್ವರ. ಅವಳ ಅಜ್ಜಿಯೇ ಬೆಳಿಗ್ಗೆ ಗೇಟಿನಲ್ಲಿ ಹೇಳಿ ಹೋದಳು. ನಾನು ಅಭ್ಯಾಸಬಲದಿಂದ ಹಾಜರಿ ಹಾಕಿದೆ. ಹತ್ತೂವರೆಗೆ, ಹಲಗೆಯ ಮೇಲೆ ಒಂದು ಭಾಗಾಕಾರ ಬರೆದು ಮಕ್ಕಳತ್ತ ತಿರುಗಿದಾಗ, ನಕ್ಷೆಯ ಹಿಂದಿನಿಂದ ಟಕ್, ಟಕ್. ಮಕ್ಕಳೂ ಕೇಳಿಸಿಕೊಂಡರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ನಲವತ್ತು ಜೊತೆ ಕಣ್ಣುಗಳು ನನ್ನ ಮುಖದ ಮೇಲೆಯೇ.

ಹನ್ನೆರಡೂವರೆಗೆ, ಮಕ್ಕಳು ಊಟಕ್ಕೆ ಹೋದ ಮೇಲೆ ನಕ್ಷೆ ಎತ್ತಿ, ಪುಟ್ಟ ಬಾಗಿಲನ್ನು ಒಂದು ಗೇಣು ತೆರೆದು ನೋಡಿದೆ. ಬೆಂಚು ಖಾಲಿ. ಹಾಲಿನ ಲೋಟ ಖಾಲಿ. ಕರಿಹಲಗೆಯ ಮೇಲೆ ನನ್ನ ಭಾಗಾಕಾರದ ಉತ್ತರ, ಶೇಷವೂ ಸರಿ. ಬಾಗಿಲು ಮುಚ್ಚಿ, ನಕ್ಷೆಯನ್ನು ನೇರ ಮಾಡಿದೆ. ನಕ್ಷೆ ನೇರ ಮಾಡುವುದರಲ್ಲಿ ನಾನು ಅಷ್ಟು ಹೊತ್ತಿಗೆ ಪಳಗಿದ್ದೆ.

ಗುರುವಾರ ತೂದಾ ಬಂದಾಗ ಕೇಳಿದೆ. "ಬುಧವಾರ ಒಳಗೆ ಯಾರಿದ್ರು?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಾನಿಲ್ಲದಾಗ ಯಾರಿದ್ರು ಅಂತ ನನಗೆ ಹೇಗೆ ಗೊತ್ತಾಗುತ್ತೆ ಉಸ್ತಾದಾ?" ಎಂದು ಚೀಲ ಹಿಡಿದು ಒಳಗೆ ಹೋದಳು.

ತಿಂಗಳ ನಡುವೆ ಡಾಕ್ಟರ್ ಬೆನ್ನೀಸ್ ಪ್ರಗತಿ ವಿಚಾರಿಸಲು ಬಂದರು. ಕಚೇರಿಯಲ್ಲಿ ಸಿ ಬೂಶೈಬ್ ಅವರನ್ನು ಎದುರಿಗೆ ಕೂರಿಸಿಕೊಂಡು ಕಾಗದ ತೆಗೆದರು. ಹಾಜರಿ ಪುಸ್ತಕ ಇಡಲು ಹೋದ ನಾನು ಬಾಗಿಲಲ್ಲಿ ನಿಂತೆ.

"ನಿಮ್ಮಲ್ಲಿನ ಅತಿ ಕಠಿಣ ಪ್ರಕರಣವನ್ನು ವಿವರಿಸಿರಿ."

"ಒಂದೇ ಇರೋದು. ಮೊದಲು ಬೆಂಚು ಎಳೆದಾಡೋ ಸದ್ದು ಬರ್ತಿತ್ತು. ಈಗ ಊಟ ಮಾಡಿ ತಟ್ಟೆ ಸರಿಸಿಡ್ತಾರೆ. ಮಾತಾಡಿಸಿದ್ರೆ ಮರ್ಯಾದೆಯಾಗಿ ಉತ್ತರ ಕೊಡ್ತಾರೆ."

"ಅದ್ಭುತ! ವಯಸ್ಸು?"

"ಸರಿಯಾಗಿ ಗೊತ್ತಿಲ್ಲ. ಫ್ರೆಂಚರ ಕಾಲಕ್ಕಿಂತ ಮುಂಚಿನಿಂದ ಇದಾರೆ ಅಂತಾರೆ."

ಡಾಕ್ಟರು ಪೆನ್ನು ನಿಲ್ಲಿಸಿದರು. "ಒಂದೇ ತರಗತಿಯಲ್ಲಿಯೇ?"

"ಒಂದೇ ಕೋಣೇಲಿ."

"ಇದು ನಮ್ಮ ಶಿಕ್ಷಣ ವ್ಯವಸ್ಥೆಯ ದುರಂತ," ಎಂದು ಡಾಕ್ಟರು ದುಃಖದಿಂದ ತಲೆ ಆಡಿಸಿ ಬರೆದುಕೊಂಡರು: ಬಹಳ ವರ್ಷಗಳಿಂದ ಅನುತ್ತೀರ್ಣ. "ಪೋಷಕರೊಂದಿಗೆ ಮಾತನಾಡಿದಿರಾ?"

"ಅಷ್ಟು ಧೈರ್ಯ ಆಗ್ಲಿಲ್ಲ ಸಾಹೇಬ್ರೇ."

"ಇರಲಿ. ಶಾಂತವಾಗಿದೆ ಎಂದಮೇಲೆ ಬರುವ ಸೋಮವಾರದೊಳಗೆ ಈ ಪ್ರಕರಣವನ್ನು ಮುಚ್ಚಿಬಿಡಿ. ಮುಚ್ಚಿದ್ದನ್ನು ನಾನೇ ಬಂದು ನೋಡುವೆನು."

ಸಿ ಬೂಶೈಬ್ ಅವರ ಹಣೆಯಲ್ಲಿ ಬೆವರು. "ಮುಚ್ಚೋದಾ? ಪೂರ್ತಿನಾ?"

"ಸಂಪೂರ್ಣವಾಗಿ. ಒಂದು ಸಂದೂ ಉಳಿಯಕೂಡದು."

ಆ ಮಾತು ನನಗೂ ಕೇಳಿಸಿತ್ತು. ಫೈಲು ಮುಚ್ಚುತ್ತಾರೆ ಎಂದುಕೊಂಡು ಮನೆಗೆ ಹೋದೆ. ಎರಡು ಕಿವಿ ಸರಿಯಿದ್ದು ಏನು ಬಂತು?

ಸೋಮವಾರ ಬೆಳಿಗ್ಗೆ ನನ್ನ ಕೆಲಸದ ಕರಾರಿನ ಕಾಗದಕ್ಕಾಗಿ ಅಲ್‌ಜದೀದಾದ ಶಿಕ್ಷಣ ಕಚೇರಿಗೆ ಹೋಗಬೇಕಾಗಿತ್ತು. ಶಾಲೆಗೆ ಬಂದಾಗ ಹತ್ತೂಕಾಲು. ಆರನೆಯ ಕೋಣೆಯಲ್ಲಿ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಕ್ಷೆ ಸುರುಳಿ ಸುತ್ತಿ ಮೂಲೆಯಲ್ಲಿತ್ತು. ಅದರ ಜಾಗದಲ್ಲಿ ಬಾಗಿಲಿರಲಿಲ್ಲ. ನುಣುಪಾದ ಹಸಿ ಗಾರೆ, ಅದರ ಮೇಲೆ ಕರಣೆಯ ಗುರುತುಗಳು ಇನ್ನೂ ಹೊಳೆಯುತ್ತಿದ್ದವು.

"ತೂದಾ ಎಲ್ಲಿ?"

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹಾಜರಿ ಹಾಕಿದೀವಿ ಉಸ್ತಾದಾ. ನೀವು ದಿನಾ ಹಾಕೋ ಹಾಗೇ."

ನಾನು ಓಡಿದೆ. ಮೊಗಸಾಲೆಯ ತುಂಬ ಲೋಬಾನದ ಹೊಗೆ. ಸರಪಳಿ ಕೆಳಗೆ ಬಿದ್ದಿತ್ತು. 'ಹೊರಡುವ ದಾರಿ ತೆರೆದಿರಲಿ' ಎಂದು ಬಾಗಿಲನ್ನು ಒಳಗೆ ತಳ್ಳಿ, ಹೊಸ್ತಿಲ ಮೇಲೆ ಗೋಡೆ ಕಟ್ಟುತ್ತಿದ್ದರು. ಆಗಲೇ ಎದೆಮಟ್ಟಕ್ಕೆ ಬಂದಿತ್ತು. ಶಿಕ್ಷಕರೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟ ದೂರದಲ್ಲಿ, ಕೈ ಕಾಣುವ ಹಾಗೆ ಇಟ್ಟುಕೊಂಡು, ನೆಲ ನೋಡುತ್ತ ನಿಂತಿದ್ದರು. ಲಾಲ್ಲಾ ಇಝ್ಝಾ ಅಳುತ್ತಿದ್ದಳು. ಮುಚ್ಚಿದ್ದನ್ನು ನೋಡಲು ಬಂದಿದ್ದ ಡಾಕ್ಟರ್ ಬೆನ್ನೀಸ್ ಆಗತಾನೇ ಗೇಟು ದಾಟಿ, ಮೂಗಿಗೆ ಕರವಸ್ತ್ರ ಹಿಡಿದು, "ಇದೇನು? ದುರಸ್ತಿಯೇ?" ಎನ್ನುತ್ತ ಬರುತ್ತಿದ್ದರು.

ಗಾರೆ ಮೇಸ್ತ್ರಿ ಕರಣೆ ಕೆಳಗಿಟ್ಟ. ಅವನ ತುಟಿ ಬೆಳ್ಳಗಾಗಿತ್ತು.

"ಸಿ ಬೂಶೈಬ್, ನನ್ನಿಂದಾಗಲ್ಲ. ಒಳಗಿಂದ ಯಾರೋ ಇಟ್ಟಿಗೆ ಎಣಿಸ್ತಿದಾರೆ."

ಎಲ್ಲರೂ ಕಿವಿಗೊಟ್ಟರು. ಗೋಡೆಯ ಹಿಂದೆ, ಬಹಳ ತಾಳ್ಮೆಯಿಂದ: "ಎಪ್ಪತ್ತೆಂಟು... ಎಪ್ಪತ್ತೊಂಬತ್ತು... ಸಾಲಿಗೆ ಒಂಬತ್ತಾದ್ರೆ, ಇನ್ನು ಎಷ್ಟು ಬೇಕು..."

ನಾನು ಕರೆಯುವ ತನಕ ಬರಬೇಡ ಎಂದಿದ್ದೆ. ಅವಳು ಬಂದಿರಲಿಲ್ಲ.

ನನ್ನ ಕೈ ನನ್ನನ್ನು ಕೇಳದೆ ಹೋಗಿ ಮೇಲಿನ ಇಟ್ಟಿಗೆಯನ್ನು ಕಿತ್ತಿತು. ಆಮೇಲೆ ಅದರ ಪಕ್ಕದ್ದು. ಗಾರೆ ಮೊಣಕೈತನಕ ಇಳಿಯಿತು.

"ಉಸ್ತಾದಾ ಮೈಮೇಲೆ ಒಡೆಯರು ಬಂದ್ರು!" ಲಾಲ್ಲಾ ಇಝ್ಝಾ ಚೀರಿದಳು.

ಸಿ ಬೂಶೈಬ್ ಓಡಿಹೋಗಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಎರಡು ಕೈಯನ್ನೂ ಮುಂದೆ ಚಾಚಿ, ನೆಲ ನೋಡುತ್ತ, ಪಿಸುದನಿಯಲ್ಲಿ ನನ್ನ ಹತ್ತಿರ ಬಂದರು. "ನಾವು ಶಾಂತವಾಗಿದ್ದೇವೆ, ಲಾಲ್ಲಾ ಉಮ್ನಿಯಾ. ನಾವು ಇಟ್ಟಿಗೆ ಕೆಳಗಿಡ್ತೇವೆ. ನಮಗೆ ಹಸಿವಾಗಿದೆಯೇ?"

ನಾನು ಮೂರನೆಯ ಸಾಲು ಕೆಡವಿದೆ. ಹೊಗೆಯ ಆಚೆ ಒಂದು ಮುಖ ಕಾಣಿಸಿತು. ತಲೆಗೂದಲ ಮೇಲೆ ಸಿಮೆಂಟಿನ ಧೂಳು, ಕೈಯಲ್ಲಿ ಸೀಮೆಸುಣ್ಣ.

"ನೀವು ಕಿತ್ತಿದ್ರಿಂದ ಲೆಕ್ಕ ತಪ್ಪಿತು ಉಸ್ತಾದಾ," ಎಂದಳು ತೂದಾ.

ಮೊದಲು ಚೇತರಿಸಿಕೊಂಡವಳು ಲಾಲ್ಲಾ ಇಝ್ಝಾ. ಅವಳ ದುಃಖ ಅಷ್ಟರಲ್ಲೇ ಸಿಟ್ಟಾಗಿತ್ತು.

"ಹಾಗಾದ್ರೆ ನನ್ನ ಕೂಸ್ಕೂಸು ತಿಂತಿದ್ದಿದ್ದು ನೀನಾ? ತಿಂಗಳಿಂದಾನಾ?"

"ಹೂಂ ದೊಡ್ಡಮ್ಮ. ಒಂದು ದಿನಾನೂ ಉಪ್ಪಿರ್ಲಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದಳು: "ಬುಧವಾರ ಬಿಟ್ಟು. ಬುಧವಾರ ನಾನು ಮನೇಲಿದ್ದೆ."

"ಬುಧವಾರಾನೂ ತಟ್ಟೆ ಖಾಲಿಯಾಗಿತ್ತು," ಲಾಲ್ಲಾ ಇಝ್ಝಾ ಅಂದಳು. ಅನ್ನುತ್ತ ಅನ್ನುತ್ತ ಅವಳ ದನಿ ಇಳಿಯಿತು. ನಾವೆಲ್ಲ ಹುಡುಗಿಯ ಭುಜದ ಮೇಲಿಂದ, ಕೋಣೆಯ ಕತ್ತಲಿನತ್ತ ನೋಡಿದೆವು. ಮೇಸ್ತ್ರಿ ತನ್ನ ಕರಣೆಯನ್ನು ಎತ್ತಿಕೊಂಡು, ಹೇಳದೆ ಕೇಳದೆ ಹೊರಟುಹೋದ.

"ಒಂದು ನಿಮಿಷ," ಎಂದರು ಡಾಕ್ಟರ್ ಬೆನ್ನೀಸ್. "ಒಂದು ನಿಮಿಷ! ಆ ಪ್ರಕರಣವು ಈ ಮಗುವೇ?" ಅವರು ನನ್ನನ್ನೂ, ಗೋಡೆಯನ್ನೂ, ಹುಡುಗಿಯ ತುಂಬಿದ ಕೆನ್ನೆಯನ್ನೂ ನೋಡಿದರು. ಮುಖ ಅರಳುತ್ತ ಹೋಯಿತು. "ಶಾಂತ ಮೂಲೆ! ತಮ್ಮಿಷ್ಟಕ್ಕೆ ತಾವು ಕುಳಿತು ಕೋಪವನ್ನು ಇಳಿಸಿಕೊಳ್ಳಲು ಪ್ರತ್ಯೇಕವಾದ ಸ್ಥಳ! ನಾನು ಎರಡು ವರ್ಷಗಳಿಂದ ಶಾಲೆಶಾಲೆಗೆ ಹೋಗಿ ಬೋಧಿಸುತ್ತಿದ್ದೇನೆ, ಒಬ್ಬರೂ ಮಾಡಿದವರಿಲ್ಲ. ನಾನು ಬರುವುದಕ್ಕೂ ಮೊದಲೇ, ಯಾರಿಗೂ ಹೇಳದೆ, ಈ ತರುಣಿ ಮಾಡಿ ತೋರಿಸಿದ್ದಾಳೆ!"

"ಊಟ ಹಾಕ್ಸಿದ್ದು ನಾನು," ಎಂದು ಸಿ ಬೂಶೈಬ್ ತಕ್ಷಣ ಹೇಳಿದರು. ಅವರ ಬೆನ್ನು ನೆಟ್ಟಗಾಗಿತ್ತು. "ಆದಿಯಿಂದಲೂ ನನಗೆ ಅನುಮಾನ ಇತ್ತು, ಇದು ಶಾಂತ ಮೂಲೇನೇ ಅಂತ."

"ಈ ಕೋಣೆಗೆ ಸುಣ್ಣ ಬಳಿಸೋಣ. ಒಂದು ಚಾಪೆ. ವರ್ಷ ಮುಗಿಯುವ ತನಕ ಮಗು ಇಲ್ಲಿಯೇ ಇರಲಿ, ಆಮೇಲೂ ಇರಲಿ. ದೂರು ಗೀರು ಏನೂ ಬೇಡ. ಇಡೀ ಪ್ರಾಂತ್ಯಕ್ಕೆ ಇದು ಮಾದರಿ. ಶಿಕ್ಷಕಿಯ ಹೆಸರೇನು? ಉಮ್ನಿಯಾ? ವರದಿಯಲ್ಲಿ ಮೊದಲ ಸಾಲಿನಲ್ಲಿಯೇ ಬರೆಯುತ್ತೇನೆ. ಮಗುವಿನ ನೆಮ್ಮದಿಗೋಸ್ಕರ ಮಾಡಿದಿರಿ, ಅಲ್ಲವೇ?"

ಎಲ್ಲರೂ ನಗುತ್ತಿದ್ದರು. ಮೂರನೆಯ ದೂರಿಲ್ಲ, ಹೊಳೆಯಾಚೆಯ ಶಾಲೆಯಿಲ್ಲ, ಕಾಸಾದ ಕೂಸಿಲ್ಲ. ನಾನು ಮಾಡಬೇಕಾಗಿದ್ದು ಇಷ್ಟೇ: ತಲೆ ಆಡಿಸುವುದು. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ತೂದಾ ಅರ್ಧ ಗೋಡೆಯ ಮೇಲೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಲೆಕ್ಕದ ಮುಂದಿನ ಹೆಜ್ಜೆ ಕೇಳಿದ ಹಾಗೆ ಕೇಳಿದಳು.

"ಅಂದ್ರೆ ನಾನು ಇಲ್ಲೇ ಇರಬೇಕಾ ಉಸ್ತಾದಾ? ನನ್ನ ನೆಮ್ಮದಿಗೆ?"

"ಅಲ್ಲ," ಎಂದೆ.

ಅದು ಎಷ್ಟು ಜೋರಾಗಿ ಬಂತೆಂದರೆ ಸಿ ಬೂಶೈಬ್ ಅವರ ಎಡಗಿವಿಯೂ ತಿರುಗಿತು.

"ನಿನ್ನ ನೆಮ್ಮದಿಗಲ್ಲ. ನನಗೆ ನಿನ್ನ ಕಂಡ್ರೆ ಭಯ ಆಗ್ತಿತ್ತು, ತೂದಾ."